ಘಟ್ಟದ ಮಂಜಿನಲ್ಲಿ ಎರಡು ಹಾರ್ನುಗಳು

ಆ ಕಾರಿನ ಸ್ಟಿಯರಿಂಗ್ ಎಡಗಡೆ ಇತ್ತು. ಮೂಡುಬಿದಿರೆಯ ನಮ್ಮ ಬೀದಿಯವರು ಮೊದಲು ಗಮನಿಸಿದ್ದು ಅದನ್ನು. ಕಾರನ್ನು ಓಡಿಸಿಕೊಂಡು ಬಂದವಳು ಒಬ್ಬ ಹೆಂಗಸು, ಅದೂ ಒಬ್ಬಳೇ ಎಂಬುದು ಅವರ ತಲೆಗೆ ಹೋದದ್ದು ಸ್ವಲ್ಪ ಹೊತ್ತಾದ ಮೇಲೆ.

ಐವತ್ತರ ದಶಕದ ಕೊನೆಯ ಒಂದು ಬೇಸಗೆ ಅದು. ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿ ಸೇರಿ ಹೆಚ್ಚು ಸಮಯ ಆಗಿರಲಿಲ್ಲ. ಅಪ್ಪ ಒಂದು ಬಸದಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಹೊರಗಿನಿಂದ ಯಾರಾದರೂ ಬಸದಿ ನೋಡಲು ಬಂದರೆ ಬಾಗಿಲು ತೆರೆದು ತೋರಿಸುವುದು ಅವರ ಕೆಲಸ. ಬಂದವರು ಇಂಗ್ಲಿಷ್ ಮಾತಾಡಿದರೆ ನನ್ನನ್ನು ಕರೆಯುವುದು ವಾಡಿಕೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆ ಹೆಂಗಸಿನದ್ದೂ ಅಷ್ಟಕ್ಕಷ್ಟೆ ಎಂದು ತಿಳಿದಾಗ ನನಗೆ ಧೈರ್ಯ ಬಂತು. ಅವರದು ಡೆನ್ಮಾರ್ಕ್. ಕಲ್ಲಿನ ಕಂಬಗಳ ಕೆತ್ತನೆಯನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಲು ಬಂದಿದ್ದರು. ನಲವತ್ತು ದಾಟಿದ ವಯಸ್ಸು, ಗಂಡಸರ ಹಾಗೆ ಕತ್ತರಿಸಿದ ಕೂದಲು, ಬಿಸಿಲಿಗೆ ಸುಲಿದು ಕೆಂಪಾದ ಮೂಗು.

"ಯಾವ ಹಡಗಿನಲ್ಲಿ ಬಂದದ್ದು ಅಂತ ಕೇಳು," ಎಂದರು ಅಪ್ಪ.

ಕೇಳಿದೆ. ಅವರು ಕಾರಿನಿಂದ ಒಂದು ಭೂಪಟ ತಂದು ನಮ್ಮ ಜಗಲಿಯ ಮೇಲೆ ಹರಡಿದರು. ಮಡಿಕೆಗಳಲ್ಲಿ ಹರಿದು, ಅಂಟು ಕಾಗದ ಹಚ್ಚಿಸಿಕೊಂಡಿದ್ದ ಭೂಪಟ. ಅದರ ಮೇಲೆ ಒಂದು ಬೆರಳನ್ನು ಎಲ್ಲೂ ಎತ್ತದೆ ನಡೆಸುತ್ತ ಹೋದರು. ಜರ್ಮನಿ, ಆಸ್ಟ್ರಿಯಾ, ಗ್ರೀಸ್, ಟರ್ಕಿ, ಇರಾನ್, ಅಫ್ಘಾನಿಸ್ತಾನ, ಲಾಹೋರ್, ದೆಹಲಿ, ಬೊಂಬಾಯಿ. ಆಮೇಲೆ ಕರಾವಳಿ ಹಿಡಿದು ಮಂಗಳೂರು. ಅಲ್ಲಿಂದ ಬೆರಳು ಒಂದು ಅಕ್ಕಿಕಾಳಿನಷ್ಟು ಸರಿದು ನಿಂತಿತು. "ಇಲ್ಲಿ. ನಿಮ್ಮ ಮನೆ," ಎಂದರು.

ಆ ದೇಶಗಳನ್ನೆಲ್ಲ ನಾನು ಶಾಲೆಯ ಗೋಡೆಯ ಮೇಲೆ ಬೆತ್ತದಿಂದ ತೋರಿಸಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ನನಗೆ ಅವು ಗುಲಾಬಿ, ಹಸಿರು, ಹಳದಿ ಬಣ್ಣಗಳಾಗಿದ್ದವು. ಆ ಬಣ್ಣಗಳ ಒಳಗೆ ರಸ್ತೆಗಳಿವೆ, ಆ ರಸ್ತೆಗಳು ಒಂದಕ್ಕೊಂದು ಸೇರಿ ನಮ್ಮ ಮನೆಯ ಬಾಗಿಲಿನವರೆಗೂ ಬರುತ್ತವೆ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ನಾನು ಬೀದಿಯನ್ನು ನೋಡಿದೆ. ಅದೇ ಕೆಂಪು ಮಣ್ಣು, ಅದೇ ಮೇಕೆಗಳು. ಆದರೆ ಅದು ಇನ್ನು ಮುಂದೆ ನಮ್ಮ ಬೀದಿ ಮಾತ್ರ ಆಗಿ ಉಳಿಯಲಿಲ್ಲ.

"ಜೊತೆಗೆ ಯಾರಿದ್ದರಂತೆ?" ಅಪ್ಪ ಕೇಳಿದರು.

"ಯಾರೂ ಇಲ್ಲವಂತೆ."

ಅಪ್ಪ ಒಳಗೆ ಹೋಗಿ ತಾವೇ ಒಂದು ಲೋಟ ಮಜ್ಜಿಗೆ ತಂದು ಅವರ ಮುಂದಿಟ್ಟರು. ಅಪ್ಪ ಹಾಗೆ ಯಾರಿಗೂ ತಂದುಕೊಟ್ಟದ್ದನ್ನು ನಾನು ನೋಡಿರಲಿಲ್ಲ.

ಕೆಲವು ದಿನ ಅವರು ಬಸದಿಯಲ್ಲಿ ಕೂತು ಕಂಬಗಳನ್ನು ಬರೆದರು. ಅನಂತರ ವೇಣೂರಿನ ಗೊಮ್ಮಟನನ್ನು ನೋಡಬೇಕು, ಹಾಗೆಯೇ ಮುಂದೆ ಚಾರ್ಮಾಡಿ ಘಟ್ಟ ಹತ್ತಿ ಇಳಿಯಬೇಕು ಎಂದರು. ಅವರ ದೇಶದಲ್ಲಿ ಘಟ್ಟ ಹೋಗಲಿ, ಹೇಳಿಕೊಳ್ಳುವಂಥ ಗುಡ್ಡವೂ ಇಲ್ಲವಂತೆ. ನನ್ನನ್ನು ಜೊತೆಗೆ ಕರೆದರು. ಅದಕ್ಕೆ ಕಾರಣವೂ ಇತ್ತು. ನಮ್ಮಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಹೋಗುತ್ತವೆ. ಅವರು ಕೂತುಕೊಳ್ಳುವುದೂ ಎಡಕ್ಕೆ. ಮುಂದೆ ಒಂದು ಲಾರಿ ಇದ್ದರೆ ಅದರಾಚೆ ಏನು ಬರುತ್ತಿದೆ ಎಂದು ಅವರಿಗೆ ಕಾಣುವುದಿಲ್ಲ. ಬಲಗಡೆ ಕೂತವರು ನೋಡಿ ಹೇಳಬೇಕು.

ಅಪ್ಪ ಒಪ್ಪಿದರು, ಆದರೆ ದೊಡ್ಡತ್ತೆಯೂ ಹೋಗಬೇಕೆಂದರು. ದೊಡ್ಡತ್ತೆ ಅಂದರೆ ಅಪ್ಪನ ಅಕ್ಕ. ವ್ರತ ನೇಮ ಬಿಡದವರು, ಮನೆಯಲ್ಲಿ ಅವರ ಮಾತೇ ಮಾತು. ಸೂರ್ಯ ಮುಳುಗಿದ ಮೇಲೆ ಅವರು ಏನನ್ನೂ ತಿನ್ನುವವರಲ್ಲವಾದ್ದರಿಂದ ಹಲಸಿನ ಹಣ್ಣಿನ ಗಟ್ಟಿಯನ್ನು ಬಾಳೆ ಎಲೆಯಲ್ಲಿ ಬೇಯಿಸಿ, ಒಂದು ಬುಟ್ಟಿ ತುಂಬ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತರು.

ಬಸ್ ಸ್ಟ್ಯಾಂಡಿನ ಮುಂದೆ ಹೋಗುವಾಗ ಜನ ಕಣ್ಣು ಬಾಯಿ ಬಿಟ್ಟರು. ಡ್ರೈವರ್ ಕೂರುವ ಜಾಗದಲ್ಲಿ ಬಸದಿಯವರ ಮಗಳು ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಾಳೆ, ಕಾರು ತನ್ನಷ್ಟಕ್ಕೆ ಹೋಗುತ್ತಿದೆ. ನಾನು ತಲೆ ತಗ್ಗಿಸಿದೆ. ಆದರೆ ತಗ್ಗಿಸುವ ಹಾಗಿರಲಿಲ್ಲ, ರಸ್ತೆ ನೋಡಿ ಹೇಳಬೇಕಿತ್ತು.

ಊರು ದಾಟಿದ ಮೇಲೆ ಒಂದು ಸಂಗತಿ ನನಗೂ ದೊಡ್ಡತ್ತೆಗೂ ಒಟ್ಟಿಗೇ ತಿಳಿಯಿತು. ಈ ಹೆಂಗಸು ಹಾರ್ನ್ ಮಾಡುವುದೇ ಇಲ್ಲ. ನಮ್ಮ ಕಡೆಯ ಬಸ್ಸುಗಳು ಅಂಗಡಿ ಕಂಡರೆ, ಹೊಳೆ ಕಂಡರೆ, ದೈವದ ಕಟ್ಟೆ ಕಂಡರೆ, ಗುರುತಿನವರು ಕಂಡರೆ ಪೋಂ ಅನ್ನುತ್ತಿದ್ದವು. ಇವರು ಎಮ್ಮೆಯ ಹಿಂದೆ ಎಮ್ಮೆಯ ವೇಗದಲ್ಲೇ ಹೋಗುತ್ತಿದ್ದರು. ವೇಣೂರಿನ ದಾರಿಯಲ್ಲಿ ಹಂಚು ಹೇರಿಕೊಂಡ ಒಂದು ಎತ್ತಿನ ಗಾಡಿ ಸಿಕ್ಕಿತು. ರಸ್ತೆಯ ನಡುವೆ ಹೋಗುತ್ತಿತ್ತು. ನಾವು ಅದರ ಹಿಂದೆ, ಗಾಡಿಯ ಕೆಂಪು ಧೂಳು ಕುಡಿಯುತ್ತ, ಒಂದು ಗದ್ದೆ ಬಯಲು ಪೂರ್ತಿ ಹೋದೆವು.

"ಪೋಂ ಮಾಡ್ಲಿಕ್ಕೆ ಹೇಳು ಮಾರಾಯ್ತಿ ನಿನ್ನ ದೊರೆಸಾನಿಗೆ," ಎಂದರು ದೊಡ್ಡತ್ತೆ. "ಹೀಗೆ ಹೋದರೆ ಗೊಮ್ಮಟನನ್ನು ನೋಡುವಾಗ ನಾಳೆ ಆಗ್ತದೆ."

ಕೊನೆಗೆ ಗಾಡಿಯವನೇ ಯಾಕೋ ತಿರುಗಿ ನೋಡಿದ. ಬೆನ್ನ ಹಿಂದೆ ಸದ್ದಿಲ್ಲದೆ ಒಂದು ಕಾರು ನಿಂತ ಹಾಗೆ ಬರುತ್ತಿರುವುದನ್ನು ಕಂಡು ಅವನು ಗಾಡಿಯಿಂದ ಜಿಗಿದೇಬಿಟ್ಟ. ಎತ್ತುಗಳನ್ನು ಬದಿಗೆ ಎಳೆದು, ನನ್ನ ಕಿಟಕಿಯ ಹತ್ತಿರ ಬಂದು, "ಎಷ್ಟು ಹೊತ್ತಿಂದ ಬರ್ತಾ ಇದ್ದೀರಿ ಅಮ್ಮ? ಒಂದು ಹಾರ್ನ್ ಮಾಡ್ಲಿಕ್ಕೆ ಆಗ್ತಿರಲಿಲ್ವಾ? ನಾನು ಎಂತ ನಿಮಗೆ ದಾರಿ ಕೊಡದವನಾ?" ಎಂದ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು.

ಆ ಮಾತನ್ನು ನಾನು ಇಂಗ್ಲಿಷಿನಲ್ಲಿ ಅವರಿಗೆ ತಿಳಿಸಿದೆ. ಅವರಿಗೆ ಆಶ್ಚರ್ಯವಾಯಿತು. ಆಗ ಹೇಳಿದರು, ಅವರ ಊರಿನಲ್ಲಿ ಹಾರ್ನ್ ಮಾಡುವುದೆಂದರೆ ಒಬ್ಬರ ಮುಖಕ್ಕೆ ಮುಖ ಕೊಟ್ಟು ಬೈದ ಹಾಗೆ. ವರ್ಷಗಟ್ಟಲೆ ಕಾರು ಓಡಿಸಿ ಒಮ್ಮೆಯೂ ಹಾರ್ನ್ ಮುಟ್ಟದವರು ಅಲ್ಲಿ ಬೇಕಾದಷ್ಟು ಜನ. ಆ ಅಭ್ಯಾಸ ದಾರಿಯಲ್ಲಿ ಸ್ವಲ್ಪ ಬಿಟ್ಟುಹೋಗಿತ್ತಂತೆ. ಟರ್ಕಿಯಲ್ಲಿ ಹಿಂದಿನಿಂದ ಬಂದ ಲಾರಿಯವನೊಬ್ಬ ಬಿಡದೆ ಹಾರ್ನ್ ಮಾಡಿದನಂತೆ. ಹೆದರಿ ನಿಲ್ಲಿಸಿದರೆ ಅವನು ಒಂದು ಕಲ್ಲಂಗಡಿ ಹಣ್ಣು ಕೊಟ್ಟು ಹೋದ. ಇರಾನಿನ ಮರಳುಗಾಡಿನಲ್ಲಿ ಎಷ್ಟೋ ಹೊತ್ತಿನ ಮೇಲೆ ಎದುರಿಗೆ ಒಂದು ವಾಹನ ಕಂಡರೆ ಇಬ್ಬರೂ ಸುಮ್ಮನೆ, ಮನುಷ್ಯರನ್ನು ಕಂಡ ಸಂತೋಷಕ್ಕೆ ಹಾರ್ನ್ ಮಾಡಿಕೊಳ್ಳುತ್ತಿದ್ದರು. ಆದರೆ ಅಫ್ಘಾನಿಸ್ತಾನದಲ್ಲಿ ಒಂಟೆಗಳ ಸಾಲೊಂದರ ಹಿಂದೆ ಹಾಗೆಯೇ ಮಾಡಲು ಹೋಗಿ, ಒಂಟೆಗಳು ಬೆದರಿ ಓಡಿ, ಒಂದು ಬಿದ್ದು ಕಾಲು ಮುರಿದುಕೊಂಡಿತು. ಒಂಟೆಯವನು ಅದರ ಕತ್ತು ಹಿಡಿದುಕೊಂಡು ಕೂತು ಅತ್ತ. ಅಂದಿನಿಂದ ಅವರ ಕೈ ಹಾರ್ನಿನ ಹತ್ತಿರ ಹೋಗಿರಲಿಲ್ಲ.

ಇದನ್ನು ದೊಡ್ಡತ್ತೆಗೆ ಹೇಳಿದೆ. "ಹಾಗಾದರೆ ಬೇಡ. ನಿಧಾನಕ್ಕೆ ಹೋಗುವ," ಎಂದರು.

ಗೊಮ್ಮಟನನ್ನು ನೋಡಿ, ಬೆಳ್ತಂಗಡಿ ದಾಟಿ, ಮುಂಡಾಜೆಗೆ ಬಂದೆವು. ಅಲ್ಲಿಂದ ಮುಂದೆ ರಸ್ತೆ ಕಾಡಿನೊಳಗೆ ಸುತ್ತುತ್ತ ಹೋಗುತ್ತದೆ. ಒಂದು ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ನಾನು "ನೋ" ಎಂದು ಕೂಗುವುದಕ್ಕೂ ಅವರು ಸ್ಟಿಯರಿಂಗ್ ಎಳೆಯುವುದಕ್ಕೂ ಸರಿಹೋಯಿತು. ಬಸ್ಸು ನಮ್ಮ ಕನ್ನಡಿಯನ್ನು ಸವರಿಕೊಂಡು ನಿಂತಿತು. ನಮ್ಮ ಕಾರಿನ ಎಡಗಡೆಯ ಎರಡೂ ಚಕ್ರ ಚರಂಡಿಗೆ ಇಳಿದಿದ್ದವು. ಹಿಂದಿನ ಸೀಟಿನಲ್ಲಿ ದೊಡ್ಡತ್ತೆ ಬುಟ್ಟಿಯನ್ನು ತಬ್ಬಿಕೊಂಡು ಣಮೋಕಾರ ಮಂತ್ರ ಹೇಳುತ್ತಿದ್ದರು.

ಬಸ್ಸಿನ ಡ್ರೈವರ್ ಇಳಿದು ಬಂದ. ಬಂಟ್ವಾಳ ಕಡೆಯ ಬ್ಯಾರಿ ಮುಸಲ್ಮಾನ. ಗಟ್ಟಿ ಆಳು, ಲುಂಗಿಯ ಮೇಲೆ ಅಗಲದ ಬೆಲ್ಟು. ಬಲಗಡೆಗೆ ಬಂದು, ನನ್ನನ್ನೇ ಡ್ರೈವರ್ ಎಂದುಕೊಂಡು ತುಳುವಿನಲ್ಲಿ ಶುರು ಮಾಡಿದ. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬರೆಯಬಹುದಾದಷ್ಟನ್ನು.

"ಹಾರ್ನ್ ಇಲ್ವಾ ನಿಮ್ಮ ಗಾಡಿಗೆ? ನಾನು ಆ ಕಡೆಯಿಂದ ಹೊಡೆದೆ. ಉತ್ತರ ಬರಲಿಲ್ಲ. ಉತ್ತರ ಬರದಿದ್ದರೆ ಯಾರೂ ಇಲ್ಲ ಅಂತ ಅಲ್ವಾ ಅರ್ಥ? ಇದ್ದವರು ಇದ್ದೇನೆ ಅಂತ ಹೇಳ್ಬೇಕಲ್ಲ."

ನಾನು ಎಡಗಡೆಗೆ ಕೈ ತೋರಿಸಿದೆ. ಅವನು ಬಗ್ಗಿ ನೋಡಿದ. ಸ್ಟಿಯರಿಂಗ್, ಅದರ ಹಿಂದೆ ಬಿಳಿಚಿಕೊಂಡ ಬಿಳಿ ಹೆಂಗಸು. ಅವನ ಸಿಟ್ಟು ಅರ್ಧದಲ್ಲೇ ನಿಂತಿತು.

ಅವರು ಇಳಿದು ಬಂದು, ತಪ್ಪು ತಮ್ಮದು ಎಂದರು. ಆಮೇಲೆ ರಸ್ತೆಯ ಮೇಲಿನ ಬಸ್ಸಿನ ಚಕ್ರದ ಗುರುತು ತೋರಿಸಿ, ಬಸ್ಸು ಯಾಕೆ ನಡುರಸ್ತೆಯಲ್ಲಿ ಬರುತ್ತಿತ್ತು ಎಂದೂ ಕೇಳಿದರು. ನಾನು ಹೆದರುತ್ತ ಅದನ್ನು ತುಳುವಿಗೆ ತಿರುಗಿಸಿದೆ. ಡ್ರೈವರ್ ಆ ಗುರುತನ್ನು ನೋಡಿದ, ತಲೆ ಕೆರೆದುಕೊಂಡ. "ಅದೂ ಹೌದು," ಎಂದ. ಬಸ್ಸಿನಲ್ಲಿದ್ದವರು ನಕ್ಕರು.

ಅಷ್ಟರಲ್ಲಿ ಬಸ್ಸಿನ ಗಂಡಸರೆಲ್ಲ ಇಳಿದು ಕಾರಿನ ಸುತ್ತ ನಿಂತಿದ್ದರು. ದೊಡ್ಡತ್ತೆ ಇಳಿಯಲು ಹೊರಟರೆ, "ಕೂತ್ಕೊಳ್ಳಿ ಅಮ್ಮ, ನೀವೊಂದು ಭಾರವಾ," ಎಂದರು. ಒಂದು ಕೂಗು ಹಾಕಿ ಎತ್ತಿದರು. ದೊಡ್ಡತ್ತೆ ಕೂತಿದ್ದ ಹಾಗೆಯೇ ಕಾರು ನೆಲ ಬಿಟ್ಟು ಮೇಲೆದ್ದು ರಸ್ತೆಯ ಮೇಲೆ ಬಂದು ಕೂತಿತು. ದೇಶ ದೇಶ ದಾಟಿ ಬಂದ ಆ ಕಾರನ್ನು ಕೊಟ್ಟಿಗೆಯಿಂದ ಕರು ಎತ್ತಿದ ಹಾಗೆ ಎತ್ತಿದರು. ಧೂಳು ಕೊಡವಿಕೊಂಡು ಬಸ್ಸು ಹತ್ತಿದರು.

ಬಸ್ಸು ಬೆಳ್ತಂಗಡಿಯ ಕಡೆ ಹೋಯಿತು. ನಾವು ಘಟ್ಟ ಹತ್ತಿದೆವು. ಮೇಲೆ ಒಂದು ಬಂಡೆಯ ಹತ್ತಿರ ಕಾರು ನಿಲ್ಲಿಸಿದಾಗ ದೊಡ್ಡತ್ತೆ ಇಳಿದು ಅಂಚಿಗೆ ಹೋಗಿ ನಿಂತರು. ಕೆಳಗೆ ಕಾಡು, ಕಾಡಿನಾಚೆ ಗದ್ದೆ, ಗದ್ದೆಯಾಚೆ ಮಬ್ಬಾಗಿ ನೀಲಿ. ಹುಟ್ಟಿದಾರಭ್ಯ ಆ ನೆಲದ ಮೇಲೆ ನಡೆದ ಮುದುಕಿ ಅದನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು.

"ನಾವು ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಗಲಾಟೆ ಮಾಡ್ತೇವಾ?" ಎಂದು ಕೇಳಿದರು. ನನ್ನನ್ನು ಕೇಳಿದ್ದಲ್ಲ.

ಹಲಸಿನ ಗಟ್ಟಿ ತಿಂದು ಮುಗಿಸಿದೆವು. ಅವರು ಪೆನ್ಸಿಲ್ ಹಿಡಿದು ಬೆಟ್ಟದ ಸಾಲನ್ನು ಬರೆಯುತ್ತ ಕೂತರು. ಮಳೆಗಾಲ ಹತ್ತಿರ ಬಂದಿತ್ತು. ಸಂಜೆಯ ಹೊತ್ತಿಗೆ ಕಣಿವೆಯಿಂದ ಬಿಳಿ ಮೋಡ ಹಾಲು ಉಕ್ಕಿದಂತೆ ಮೇಲೆ ಬಂತು. ನೋಡುತ್ತಿದ್ದ ಹಾಗೆ ಗದ್ದೆ ಹೋಯಿತು, ಕಾಡು ಹೋಯಿತು, ಬಂಡೆ ಹೋಯಿತು. ಕಾರಿನಲ್ಲಿ ಕೂತು ಸ್ವಲ್ಪ ಕೆಳಗೆ ಇಳಿಯುವಷ್ಟರಲ್ಲಿ ಕಾರಿನ ಮೂತಿಯೂ ಕಾಣದಾಯಿತು. ಒಂದು ಬದಿ ಗೋಡೆಯಂಥ ಬೆಟ್ಟ, ಇನ್ನೊಂದು ಬದಿ ಏನೂ ಇಲ್ಲ. ಅವರು ಕಾರು ನಿಲ್ಲಿಸಿದರು. ನನ್ನ ಕಡೆ ತಿರುಗಿ, "ಏನು ಕಾಣುತ್ತದೆ?" ಎಂದು ಕೇಳಿದರು.

"ಏನೂ ಇಲ್ಲ," ಎಂದೆ.

ಆಗ ಮೇಲಿನಿಂದ, ಮಂಜಿನ ಒಳಗಿನಿಂದ, ಒಂದು ಸದ್ದು ಬಂತು. ಹಿತ್ತಾಳೆಯ ಹಾರ್ನಿನ ದಪ್ಪ ದನಿ. ರಬ್ಬರಿನ ಉಂಡೆ ಹಿಸುಕಿ ಊದಿಸುವ ಹಳೆಯ ಕಾಲದ ಹಾರ್ನು. ಒಂದು ಸಲ ಬಂದು ನಿಂತಿತು. ಕಾಯುತ್ತಿರುವ ಹಾಗೆ ನಿಂತಿತು.

ಅವರ ಕೈ ಸ್ಟಿಯರಿಂಗಿನ ಮೇಲೆ ಇತ್ತು. ಹಾರ್ನ್ ಒತ್ತಿದರು. ನಮ್ಮ ಕಾರಿನ ಹಾರ್ನಿನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಹಕ್ಕಿಮರಿಯ ಕೂಗಿನ ಹಾಗೆ ತೆಳ್ಳಗಿತ್ತು.

ಮೇಲಿನಿಂದ ಕೂಡಲೇ ಎರಡು ಸಲ ಉತ್ತರ ಬಂತು. ಸ್ವಲ್ಪ ಹೊತ್ತಿನಲ್ಲಿ ಎರಡು ಹಳದಿ ದೀಪಗಳು ಮಂಜಿನಲ್ಲಿ ಮೂಡಿ ನಮ್ಮ ಪಕ್ಕ ಬಂದು ನಿಂತವು. ಅದೇ ಬಸ್ಸು. ಮಧ್ಯಾಹ್ನ ಬೆಳ್ತಂಗಡಿಯಿಂದ ಮತ್ತೆ ಘಟ್ಟ ಹತ್ತಿ, ನಾವು ಮೇಲೆ ಕೂತಿದ್ದಾಗ ನಮ್ಮನ್ನು ದಾಟಿ ಹೋಗಿ, ಈಗ ಬಂಟ್ವಾಳಕ್ಕೆ ಇಳಿಯುತ್ತಿತ್ತು. ಡ್ರೈವರ್ ಎಡಗಡೆಯ ಕಿಟಕಿಯವರೆಗೆ ಬಾಗಿ ತಲೆ ಹಾಕಿದ.

"ಹಾರ್ನ್ ಉಂಟಲ್ಲ ನಿಮ್ಮ ಹತ್ತಿರ," ಎಂದ. "ನನ್ನ ಹಿಂದೆಯೇ ಬನ್ನಿ. ನಾನು ಒಂದು ಹೊಡೆದರೆ ತಿರುವು ಬಂತು ಅಂತ. ನೀವೂ ಒಂದು ಹೊಡೀಬೇಕು, ಹಿಂದೆ ಇದ್ದೀರಿ ಅಂತ ನನಗೆ ಗೊತ್ತಾಗ್ಲಿಕ್ಕೆ. ನಿಮ್ಮದು ಕೇಳದಿದ್ದರೆ ನಾನು ನಿಲ್ತೇನೆ. ಹೆದರ್ಲಿಕ್ಕೆ ಇಲ್ಲ."

ಹಾಗೆ ಇಳಿದೆವು. ಬಸ್ಸಿನ ಹಿಂದಿನ ದೀಪ ಒಮ್ಮೆ ಕಂಡರೆ ಹತ್ತು ಸಲ ಕಾಣುತ್ತಿರಲಿಲ್ಲ. ಉಳಿದದ್ದು ಸದ್ದು ಮಾತ್ರ. ಪೋಂ ಎಂದು ಮುಂದಿನಿಂದ. ಪೀಂ ಎಂದು ನಮ್ಮಿಂದ. ಆ ದಪ್ಪ ದನಿ ಎಡಕ್ಕೆ ಸರಿದರೆ ರಸ್ತೆ ಎಡಕ್ಕೆ ತಿರುಗುತ್ತದೆ, ಕೆಳಗಿನಿಂದ ಬಂದರೆ ಇಳಿಜಾರು ಬಂತು ಎಂದು ಸ್ವಲ್ಪ ಹೊತ್ತಿನಲ್ಲಿ ನಮಗೇ ಗೊತ್ತಾಗತೊಡಗಿತು. ಅವರು ಕಣ್ಣು ನೆಟ್ಟು ನೋಡುವುದನ್ನು ಬಿಟ್ಟು ತಲೆಯನ್ನು ಒಂದು ಬದಿಗೆ ವಾಲಿಸಿ ಕೇಳುತ್ತಿದ್ದರು. ನಾನೂ ಕೇಳುತ್ತಿದ್ದೆ. ಮಂಜಿನಲ್ಲಿ ಮತ್ತೆ ಶುರು ಮಾಡಿದ್ದ ಮಂತ್ರವನ್ನು ದೊಡ್ಡತ್ತೆ ನಿಲ್ಲಿಸಿದ್ದರು.

ಅರ್ಧ ದಾರಿಯಲ್ಲಿ ಎಲ್ಲೋ ಕೆಳಗಿನಿಂದ ಮೂರನೆಯ ಹಾರ್ನೊಂದು ಕೇಳಿತು. ಒಡಕು ದನಿ. ಮೇಲೆ ಬರುತ್ತಿದ್ದ ಲಾರಿ. ಬಸ್ಸು ಉದ್ದಕ್ಕೆ ಒಂದು ಹೊಡೆಯಿತು. ಲಾರಿ ಉತ್ತರ ಕೊಟ್ಟಿತು. ಬಸ್ಸು ಮತ್ತೆ ಕೂಗಿ ಸ್ವಲ್ಪ ಕಾಯಿತು. ನಮ್ಮ ಉತ್ತರಕ್ಕೆ ಜಾಗ ಬಿಟ್ಟದ್ದು ಎಂದು ನನಗೆ ಆಗ ಹೊಳೆಯಿತು. ಅವರು ಒತ್ತಿದರು. ನಮ್ಮ ತೆಳ್ಳನೆಯ ದನಿಗೆ ಲಾರಿಯವನು ಚಿಕ್ಕದಾಗಿ ಬೇರೆಯೇ ಒಂದು ಉತ್ತರ ಕೊಟ್ಟ. ಯಾರಿಗೂ ಯಾರೂ ಕಾಣುತ್ತಿರಲಿಲ್ಲ. ಆದರೂ ಮೂವರೂ ತಮ್ಮ ತಮ್ಮ ಜಾಗ ಹೇಳಿಕೊಂಡಿದ್ದರು. ಬಸ್ಸು ನಿಂತಿತು, ನಾವು ನಿಂತೆವು. ಸೌದೆಯ ಹೊರೆ ಹೊತ್ತ ಲಾರಿ ನಮ್ಮ ಪಕ್ಕದಿಂದ ಉಸಿರು ಬಿಡುತ್ತ ಮೇಲಕ್ಕೆ ಹೋಯಿತು. ಕಿಟಕಿಯಿಂದ ಕೈ ಚಾಚಿದ್ದರೆ ಅದರ ಚಕ್ರ ನನ್ನ ಕೈಗೆ ಸಿಗುತ್ತಿತ್ತು.

ದಿನವೂ ಕೇಳಿ ಕಿವಿಗೆ ಬೀಳದಂತಾಗಿದ್ದ ಸದ್ದು ಅದು. ಶಾಲೆಯಲ್ಲಿ ಪಾಠ ಮಾಡುವಾಗ ಬಸ್ಸು ಪೋಂ ಎಂದರೆ ನಾನು ಬೇಸರದಿಂದ ಕಿಟಕಿ ಮುಚ್ಚುತ್ತಿದ್ದೆ. ಆ ಸಂಜೆ ನನ್ನ ಮೈಯೆಲ್ಲ ಜುಮ್ಮೆಂದಿತು. ಪಕ್ಕದಲ್ಲಿ ಅವರ ಕೆನ್ನೆ ಒದ್ದೆಯಾಗಿತ್ತು.

ಬೆಟ್ಟದ ಬುಡಕ್ಕೆ ಬಂದಾಗ ಮಂಜು ಮುಗಿದು ಸಂಜೆಯ ಬೆಳಕು ಇನ್ನೂ ಉಳಿದಿತ್ತು. ಮುಂಡಾಜೆಯಲ್ಲಿ ಚಾ ಅಂಗಡಿಯ ಮುಂದೆ ಬಸ್ಸು ನಿಂತಿತು, ನಾವೂ ನಿಲ್ಲಿಸಿದೆವು. ಅವರು ಇಳಿದು ಹೋಗಿ ಡ್ರೈವರಿನ ಎರಡೂ ಕೈ ಹಿಡಿದುಕೊಂಡರು. ಅವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹೆಂಗಸರ ಕೈ ಹಿಡಿಯುವುದು ಅವನ ಕಡೆಯಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಅವನು ನನ್ನ ಕಡೆ ನೋಡಿ, "ಇವರು ಎಂತಕ್ಕೆ ಹಾರ್ನ್ ಮಾಡುದಿಲ್ಲ ಅಂತ ಕೇಳಿ," ಎಂದ.

ನಾನು ಡೆನ್ಮಾರ್ಕಿನ ವಿಷಯ ಹೇಳಿದೆ, ಒಂಟೆಯ ವಿಷಯವನ್ನೂ ಹೇಳಿದೆ. ಒಂಟೆಯ ಕತೆಗೆ ಅವನು "ಪಾಪ" ಎಂದ. ಆದರೆ ಹಾರ್ನ್ ಇಲ್ಲದ ಊರು ಅವನ ತಲೆಗೆ ಹೋಗಲಿಲ್ಲ.

"ಹಾಗಾದರೆ ಜನರಿಗೆ ಬಸ್ಸು ಬಂತು ಅಂತ ಹೇಗೆ ಗೊತ್ತಾಗ್ತದೆ? ನಾನು ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಹೊಡೆದರೆ ಚಾ ಕುಡೀತಾ ಇದ್ದವರೂ ಗ್ಲಾಸ್ ಇಟ್ಟು ಓಡಿ ಬರ್ತಾರೆ. ಮನೆ ಹತ್ತಿರ ಉದ್ದಕ್ಕೆ ಒಂದು ಹೊಡೆದರೆ ಹೆಂಡತಿ ಗಂಜಿ ಬಿಸಿಗೆ ಇಡ್ತಾಳೆ."

ಅದಕ್ಕೆ ಅವರು ನಕ್ಕು, ತಮ್ಮ ಕಾರಿನ ಬೀಗದ ಕೈ ಚಾಚಿದರು. ಹಾರ್ನ್ ಮುಟ್ಟದೆ ಒಂದು ಸುತ್ತು ಹೋಗಿ ಬರಬಹುದೇ ಎಂದು ಕೇಳಲು ನನಗೆ ಹೇಳಿದರು. ಕಂಡಕ್ಟರ್, ಪ್ರಯಾಣಿಕರು, ಅಂಗಡಿಯವನು ಎಲ್ಲರೂ ಸೇರಿದರು. ಡ್ರೈವರ್ ಕೈಯನ್ನು ಲುಂಗಿಗೆ ಒರೆಸಿಕೊಂಡು ಎಡಗಡೆ ಕೂತ. ಕಾರು ಮೆಲ್ಲಗೆ ಹೊರಟು, ಅಲ್ಲಿನ ಶಾಲೆಯ ಕಡೆಯ ರಸ್ತೆಯಲ್ಲಿ ಮರೆಯಾಯಿತು. ನಾವೆಲ್ಲ ಕಿವಿಗೊಟ್ಟು ನಿಂತೆವು. ಅಷ್ಟು ಜನ ಒಟ್ಟಿಗೆ ಅಷ್ಟು ಮೌನವಾಗಿ ನಿಂತದ್ದನ್ನು ನಾನು ಬಸದಿಯಲ್ಲೂ ಕಂಡಿಲ್ಲ. ಒಂದು ನಾಯಿ ಬೊಗಳಿತು. ಯಾರೋ ದನ ಅಟ್ಟುವ ಸದ್ದು. ಹಾರ್ನ್ ಕೇಳಲಿಲ್ಲ.

ಕಾರು ಹಿಂದೆ ಬಂತು. ಅವನು ಇಳಿದಾಗ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಬಾಯಿಗೆ ಬಟ್ಟೆ ಕಟ್ಟಿದ ಹಾಗೆ ಆಯ್ತು ಮಾರಾಯ್ರೆ," ಎಂದ. ಸ್ವಲ್ಪ ತಡೆದು ಮತ್ತೆ ಹೇಳಿದ, "ಆದರೆ ಹೊಳೆಯ ಸದ್ದು ಕೇಳಿತು. ಇಷ್ಟು ವರ್ಷ ಈ ದಾರಿಯಲ್ಲಿ ಹೋಗ್ತೇನೆ. ಅಲ್ಲಿ ಹೊಳೆಗೆ ಸದ್ದುಂಟು ಅಂತ ನನಗೆ ಗೊತ್ತಿರಲಿಲ್ಲ."

ಅದನ್ನು ಇಂಗ್ಲಿಷಿಗೆ ತಿರುಗಿಸುವುದು ನನಗೆ ಕಷ್ಟವಾಯಿತು. ಹೇಗೋ ಹೇಳಿದೆ. ಅವರು ಡ್ರೈವರನ್ನು ನೋಡಿದರು, ಅವನು ಅವರನ್ನು ನೋಡಿದ. ಇಬ್ಬರೂ ತಲೆ ಆಡಿಸಿದರು.

ಒಂದೆರಡು ದಿನಗಳ ಮೇಲೆ ಅವರು ಕಾರ್ಕಳದ ದಾರಿ ಹಿಡಿದು ಹೊರಟುಹೋದರು. ಅಲ್ಲಿಂದ ಎಲ್ಲಿಗೆ ಹೋದರು, ಊರಿಗೆ ಯಾವಾಗ ಮುಟ್ಟಿದರು, ನನಗೆ ತಿಳಿಯಲಿಲ್ಲ. ಆ ಬಸ್ಸಿನ ಡ್ರೈವರ್ ಬಂಟ್ವಾಳದಲ್ಲೋ ಬೆಳ್ತಂಗಡಿಯಲ್ಲೋ ಕಂಡಾಗಲೆಲ್ಲ, "ಟೀಚರಮ್ಮ, ದೊರೆಸಾನಿ ಸುದ್ದಿ ಉಂಟಾ?" ಎಂದು ಕೇಳುತ್ತಿದ್ದ. ಇಲ್ಲ ಎನ್ನುತ್ತಿದ್ದೆ.

ಅರವತ್ತರ ದಶಕದಲ್ಲಿ ಅಪ್ಪ ಒಂದು ಹಳೆಯ ಕಾರು ಕೊಂಡರು. ಓಡಿಸಲು ಆಳು ಹುಡುಕುತ್ತಿದ್ದಾಗ ನಾನೇ ಕಲಿಯುತ್ತೇನೆ ಎಂದೆ. ಮನೆಯಲ್ಲಿ ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ದೊಡ್ಡತ್ತೆಯ ಮುಖ ನೋಡಿದರು.

"ಕಲೀಲಿ," ಎಂದರು ದೊಡ್ಡತ್ತೆ. "ನಾನು ಹಿಂದೆ ಕೂತ್ಕೊಳ್ತೇನೆ."